ಕಪ್ಪು ಬಟ್ಟೆ ಯಾರ ಹೆಸರಿಗೆ

ನಮ್ಮ ಐದು ಕುಲಗಳ ಹುಜೈರ್ ಒಕ್ಕೂಟವನ್ನು ಕಾಪಾಡುತ್ತೇವೆಂದು ಏಡನ್ನಿನ ಬ್ರಿಟಿಷರು ಮೊಹರು ಒತ್ತಿ ಮಾತು ಕೊಟ್ಟಿದ್ದರು. ಹಾಗೆ ಕಾಪಾಡುವ ಮಹಾನುಭಾವರು ನಮ್ಮ ಬೆಟ್ಟದಲ್ಲಿ ನಾಲ್ಕು ಹೆಜ್ಜೆ ಇಡಬೇಕಾದರೂ ಪಕ್ಕದಲ್ಲಿ ನಮ್ಮವನೊಬ್ಬ ಬೇಕಿತ್ತು. ಅತಿಥಿಯ ಕೈ ಹಿಡಿದು ನಡೆಯುವವನೇ ಅವನ ಜೀವಕ್ಕೆ ಹೊಣೆ, ಅವನ ಹೇಸರಗತ್ತೆಗೂ ಹೊಣೆ. ದಾರಿಯಲ್ಲಿ ಏನಾದರೂ ಆದರೆ ಕಾವಲಿನವನ ಹೆಸರು ಕೂಗಿ ಸಂತೆಯ ಕಂಬಕ್ಕೆ ಕಪ್ಪು ಬಟ್ಟೆ ಕಟ್ಟುತ್ತಾರೆ. ಆಮೇಲೆ ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಕೂರು ಎಂದೂ ಹೇಳುವುದಿಲ್ಲ.

ಒಂದು ಸಲ ಏಡನ್ನಿನಿಂದ ಬಂದ ಬ್ರಿಟಿಷ್ ಸಾಹೇಬ ಕಾವಲಿಗೆ ಆರಿಸಿಕೊಂಡದ್ದು ನನ್ನ ಕಿರಿಯ ತಮ್ಮನ ಮಗ ಅವಧ್‌ನನ್ನು. ತಲೆಗೊಂದು ಕೆಂಪು ರುಮಾಲನ್ನೂ ಸುತ್ತಿಸಿದ. ಅಂದಿನಿಂದ ಹಿರಿಯ ತಮ್ಮನ ಮಗ ಮುಕ್ಬಿಲ್‌ನ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ದಾಯಾದಿ ಮತ್ಸರಕ್ಕೆ ಮದ್ದೆಲ್ಲಿದೆ? ಚಿಕ್ಕಂದಿನಲ್ಲಿ ಒಂದು ಖರ್ಜೂರ ಸೀಳಿ ಇಬ್ಬರಿಗೂ ಕೊಟ್ಟರೆ ಇವನು ತನ್ನ ಹೋಳು ತಿನ್ನದೆ ಅವನ ಹೋಳನ್ನೇ ನೋಡುತ್ತಿದ್ದ. ಈಗ ರುಮಾಲನ್ನು ನೋಡುತ್ತಿದ್ದ. ತನಗೆ ಸಿಗದಿದ್ದರೆ ಹೋಗಲಿ, ಅದು ಅವಧ್‌ನ ತಲೆಯ ಮೇಲೆ ಮಾತ್ರ ಇರಬಾರದು.

ಮುಕ್ಬಿಲ್‌ನ ಹೆಂಡತಿಯ ತವರಿನ ನೆಲ ಕಣಿವೆಯ ಏರಿನಿಂದಲೇ ಶುರು. ಅವಳ ಅಣ್ಣನಿಗೆ ಇವನು ಗುಟ್ಟಾಗಿ ಹೇಳಿಟ್ಟ: ಸಾಹೇಬ ಕಣಿವೆಯ ಏರು ಹತ್ತುವಾಗ ಬಂಡೆಯ ಮರೆಯಿಂದ ಹೇಸರಗತ್ತೆಗೆ ಗುಂಡು ಹಾಕು, ಮನುಷ್ಯನಿಗೆ ಬೇಡ. ಇವನಿಗೆ ಬೇಕಿದ್ದದ್ದು ಅವಧ್‌ನ ಮರ್ಯಾದೆ ಹೋಗುವುದು, ಅಷ್ಟೆ. ಇದೆಲ್ಲ ಆ ಸೊಸೆಯ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ.

ಹೇಳಿಟ್ಟು ಮನೆಯಲ್ಲಿ ಕೂರಬಾರದೇ? ಕಣ್ಣಾರೆ ನೋಡಿ ತಣ್ಣಗಾಗಬೇಕೆಂದು ಜೊತೆಗೇ ಹೊರಟ.

ನನ್ನ ಮನೆ ಆ ಏರಿನ ಬುಡದಲ್ಲಿ. ಮೂವರೂ ಅಂಗಳದಲ್ಲಿ ಕುಳಿತು ನಾನು ಕೊಟ್ಟ ಶುಂಠಿ ಕಾಫಿ ಕುಡಿದರು. ಏಳುವಾಗ ಅವಧ್ ಸಾಹೇಬನ ಕೈ ತೆಗೆದು ಮುಕ್ಬಿಲ್‌ನ ಕೈಯಲ್ಲಿಟ್ಟ.

"ಅಣ್ಣ, ಇಲ್ಲಿಂದ ಮುಂದೆ ನಿನ್ ಮಾವನ ಮನೆ ನೆಲ. ನಂಟಸ್ತಿಕೆ ಇರೋನು ನೀನು, ಕಾವಲು ನಿಂದೇ. ನಿಂಗೂ ಒಂದು ರುಮಾಲು ಕೊಡ್ಬೇಕು ಅಂತ ಸಾಹೇಬ್ರಿಗೆ ಹೇಳಿದೀನಿ."

ಕಟ್ಟಳೆಯೇ ಹಾಗೆ. ಹಸುಗೂಸಿಗೂ ಗೊತ್ತಿರುವ ಕಟ್ಟಳೆ. ಆದರೆ ಹೊಟ್ಟೆಕಿಚ್ಚಿಗೆ ಕಣ್ಣಿರುತ್ತದೆಯೇ?

ಮುಕ್ಬಿಲ್‌ನ ಮುಖ ಬೂದಿಯಾಯಿತು. ಇವತ್ತು ಬಿಸಿಲು ಜಾಸ್ತಿ, ನಾಳೆ ಹೋಗೋಣ ಎಂದ.

"ಯಾಕಣ್ಣ, ನಿನ್ ಭಾವನ ಊರಿಗೆ ಹೋಗೋಕೆ ನಿಂಗೇ ಹೆದ್ರಿಕೆನಾ?" ಎಂದು ಅವಧ್ ನಕ್ಕ. ಅವನ ನಗುವಿನಲ್ಲಿ ವಿಷವಿರಲಿಲ್ಲ.

ಚಾಚಿದ ಕೈ ಬಿಡುವುದು ಕಪ್ಪು ಬಟ್ಟೆಗಿಂತ ಕಡೆ. ಮುಂದೆ ಓಡಿ ಭಾವನನ್ನು ತಡೆಯೋಣವೆಂದರೆ ಕಾವಲಿನವನು ಅತಿಥಿಯ ಪಕ್ಕ ಬಿಡುವಂತಿಲ್ಲ. ಹತ್ತಿದ. ನಾನು ಲೋಟ ತೊಳೆಯುತ್ತಿದ್ದಾಗ ಗುಂಡಿನ ಸದ್ದು ಕೇಳಿಸಿತು.

ಸಾಹೇಬ ಮಂಡಿ ತರಚಿಕೊಂಡು ಎದ್ದ. ಬೇರೆ ಹೇಸರಗತ್ತೆ ತರಿಸಿ ಸುಮ್ಮನಾದ. ನಮ್ಮವರು ಸುಮ್ಮನಾಗುತ್ತಾರೆಯೇ? ಸಂತೆಯ ದಿನ ಐದು ಕುಲಗಳ ಹಿರಿಯರೂ ಕಂಬದ ಬಳಿ ಸೇರಿದರು. ಮುಕ್ಬಿಲ್ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಸರು ಕೂಗುವ ಹೊತ್ತಿಗೆ ಅವಧ್ ಗುಂಪು ಸೀಳಿಕೊಂಡು ಬಂದು ಆ ಬಟ್ಟೆ ಕಸಿದುಕೊಂಡ.

"ಊರಿಂದ ಕೈ ಹಿಡ್ಕೊಂಡು ಹೊರಟೋನು ನಾನು. ನಡುದಾರೀಲಿ ಇವನ ಕೈಗೆ ದಾಟಿಸಿದೋನೂ ನಾನು. ನನ್ ಹೆಸರಿಗೆ ಕಟ್ಟಿ."

ತಾನೇ ಕಟ್ಟಿದ. ಕೆಂಪು ರುಮಾಲು ಬಿಚ್ಚಿ ಸಾಹೇಬನ ಆಳಿನ ಕೈಗೆ ಕೊಟ್ಟ. ಆಮೇಲೆ ಒಬ್ಬ ಮುದುಕ ಬಂದು ಅವಧ್‌ನ ಭುಜಕ್ಕೆ ಮುತ್ತಿಟ್ಟ, ಅವನ ಹಿಂದೆ ಇನ್ನೊಬ್ಬ. ಹೆಂಗಸರು ಮದುವೆಮನೆಯಲ್ಲಿ ಹಾಕುವಂತೆ ಕೇಕೆ ಹಾಕಿದರು. ಕಪ್ಪು ಬಟ್ಟೆಯ ಕೆಳಗೆ ಅಂಥ ಮೆರವಣಿಗೆಯನ್ನು ನಾನು ಕಂಡಿರಲಿಲ್ಲ.

ಸಂಜೆ ಮುಕ್ಬಿಲ್ ನನ್ನ ಅಂಗಳಕ್ಕೆ ಬಂದು ಕುಳಿತ. ಕಣ್ಣು ಕೆಂಪಾಗಿತ್ತು. ಪಶ್ಚಾತ್ತಾಪವಿರಬೇಕು, ಪಾಪ, ಎಂದುಕೊಂಡು ತಲೆ ಸವರಿದೆ.

"ನೋಡಿದ್ಯಾ ಅತ್ತೆ," ಎಂದ. "ಕೊನೆಗೆ ಆ ಕಪ್ಪು ಬಟ್ಟೇನೂ ಅವನೇ ತಗೊಂಡ."