ಭಾವನ ಎಡೆಗೆ ಒಂದು ಚುಟ್ಟ

ಚುಟ್ಟ ಆರಿಸುವ ವಿಷಯದಲ್ಲಿ ಕಲ್ಯಾಣದುರ್ಗದಿಂದ ಕ್ಯೂಬಾ ದೇಶದವರೆಗೆ ನನಗೆ ಸಮನಾದವನು ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಊರೂರಲ್ಲಿ ಹೇಳಿಕೊಂಡು ತಿರುಗುತ್ತಿದ್ದ ನನ್ನ ಭಾವ ಗಿರಿಯಪ್ಪ ಹೋದ ಮಾಘದಲ್ಲಿ ತೀರಿಕೊಂಡ. ಚುಟ್ಟವನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಹೊಸೆದರೆ ಸಾಕು, ಆ ಎಲೆ ಯಾವ ಬಾವಿಯ ನೀರು ಕುಡಿದದ್ದು, ಸುತ್ತಿದವಳು ಅವತ್ತು ಗಂಡನ ಜೊತೆ ಜಗಳವಾಡಿದ್ದಳೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ. ಬ್ರಹ್ಮಸಮುದ್ರದಲ್ಲಿ ನಾನು ಮೂಸಿ ಕೆಳಗಿಟ್ಟ ಒಂದು ಕಟ್ಟನ್ನು ಆಮೇಲೆ ಇಲಿ ಕೂಡ ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಭಾವ ನನ್ನ ಕೈ ಹಿಡಿದು, ‘ನಾರಪ್ಪ, ಹಿರಿಯರ ಹಬ್ಬದಾಗೆ ನನ್ನ ಎಡೆಗೆ ನೀನು ಆರಿಸಿದ್ದನ್ನೇ ಇಕ್ಕಬೇಕು ಕಣಪ್ಪ. ಅವನ ಕೈಗೆ ಬಿಡಬ್ಯಾಡ’ ಅಂದ. ಆಗಲಿ ಅಂದೆ. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮುಂದೆ ಇಟ್ಟು, ಬಾಗಿಲು ಹಾಕಿಕೊಂಡು, ಅವರು ಉಂಡು ಹೋಗಲಿ ಎಂದು ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಅನ್ನ, ಕೋಳಿ ಸಾರು, ಹೊಸ ಪಂಚೆ. ಸೇದುವವರಾಗಿದ್ದರೆ ಹೊಗೆಯೂ ಬೇಕು.

ಅವನು ಅಂದರೆ ಭಾವನ ಸ್ವಂತ ಮಗ ನರೇಂದ್ರ. ಹಿಂದೂಪುರದಲ್ಲಿ ಮೋಟಾರು ಪಂಪಿನ ಅಂಗಡಿ. ಎರಡು ವರ್ಷದಿಂದ ಫೋನಿನಲ್ಲಿ ಏನೇನೋ ನೋಡಿ ಸಿಗಾರಿನ ಹುಚ್ಚು ಹಿಡಿಸಿಕೊಂಡಿದ್ದಾನೆ. ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ಫೋನು ಮಾಡಿದ.

‘ಮಾವ, ಬರೋವಾಗ ಆ ನಾತದ್ದು ತರಬ್ಯಾಡ. ಅಪ್ಪಂಗೆ ಫಾರಿನ್ ಸಿಗಾರ್ ಇಕ್ತೀನಿ.’

‘ಯಾಕ್ಲಾ, ನಿಮ್ಮಪ್ಪ ಪಾಸ್‌ಪೋರ್ಟ್ ಮಾಡಿಸ್ಕೊಂಡು ಹೋದ್ನಾ?’

‘ಬದುಕಿರೋಗಂಟ ನಿನ್ನ ಚುಟ್ಟ ಸೇದಿ ಕೆಮ್ಮಿದ. ಈಗಾದ್ರೂ ಒಳ್ಳೇದು ಸೇದ್ಲಿ ಬಿಡು.’

ನನ್ನ ಚುಟ್ಟಕ್ಕೆ ಈ ಮಾತು! ಆ ದಿನ ನನ್ನ ಸಿಟ್ಟಿಗೆ ಕಲ್ಯಾಣದುರ್ಗದಲ್ಲಿ ಮೂರು ಟ್ರಾನ್ಸ್‌ಫಾರ್ಮರ್ ಸುಟ್ಟುಹೋದವು. ಕರೆಂಟಿನವರು ಬೇರೆ ಕಾರಣ ಹೇಳಿದರು. ಹೇಳಲಿ.

ಸೆಟ್ಟೂರಿನ ತನಕ ಒಂದು ಅಂಗಡಿ ಬಿಡದೆ ಹುಡುಕಿದೆ. ಸಾವಿರ ಚುಟ್ಟ ಮೂಸಿ ಐದನ್ನು ಆರಿಸಿದೆ. ತೇವ ಆರಿದರೆ ಎಲೆ ಬಿರಿಯುತ್ತದೆ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಮುತ್ತುಗದ ಎಲೆ ಕಟ್ಟಿ, ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಸೋಮಂದೇಪಲ್ಲಿ ಬರುವ ಹೊತ್ತಿಗೆ ಆ ಪರಿಮಳ ಹಿಡಿದು ಬಸ್ಸಿನ ಅರ್ಧ ಜನ ನನ್ನ ಸೀಟಿನ ಸುತ್ತ ನಿಂತಿದ್ದರು. ಸೀಟು ಸಿಗದೆ ನಿಂತಿದ್ದರು ಎಂದು ಕಂಡಕ್ಟರು ಹೇಳಿದರೆ ನಂಬಬೇಡಿ.

ಹಿಂದೂಪುರದ ಮನೆಯಲ್ಲಿ ನರೇಂದ್ರ ಒಂದು ಮರದ ಪೆಟ್ಟಿಗೆ ತಂದು ಮುಂದಿಟ್ಟ. ಒಳಗೆ ಹತ್ತು ಸಿಗಾರು ಮದುವೆ ಗಂಡಿನ ಹಾಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವು. ಮೂಲೆಯಲ್ಲಿ ಒಂದು ಒದ್ದೆ ಸ್ಪಂಜು.

‘ಇದ್ಯಾಕ್ಲಾ? ಸ್ನಾನ ಮಾಡಿಸ್ತೀಯಾ?’

‘ತೇವ ನಿಲ್ಲಬೇಕು ಮಾವ. ನಿನ್ನ ಒದ್ದೆ ಬಟ್ಟೆ ಮಾಡೋ ಕೆಲಸಾನೇ ಇದು ಮಾಡೋದು.’

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಹೊಸೆದೆ. ಎಲ್ಲೂ ಪೊಳ್ಳಿಲ್ಲ, ಗಂಟಿಲ್ಲ. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ, ಹಾಗೆ ಹೇಳುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ‘ಇದನ್ನ ಬಾಗಿಲಿಗೆ ಅಗಳಿ ಮಾಡ್ಕೋ’ ಅಂದೆ. ಅವನು ನನ್ನ ಗಂಟನ್ನು ಮೂಸಿ ಮೂಗು ಮುಚ್ಚಿಕೊಂಡ. ಕೈ ಕೈ ಮಿಲಾಯಿಸುವಷ್ಟರಲ್ಲಿ ನನ್ನ ಅಕ್ಕ ವರಲಕ್ಷ್ಮಮ್ಮ ಬಂದು, ‘ಎರಡೂ ಇಲ್ಲಿ ಕೊಡ್ರಿ. ಎಡೆ ಹೊತ್ತಿಗೆ ಯಾವ್ದು ಅಂತ ನಾನೇ ನೋಡ್ತೀನಿ’ ಎಂದು ಕಿತ್ತುಕೊಂಡು ಹೋದಳು.

ಮರುದಿನ ಅಮಾವಾಸ್ಯೆ. ಸ್ನಾನ ಮಾಡಿ ಪಂಚೆ ಒಣಹಾಕಲು ಮಹಡಿ ಹತ್ತಿದೆ. ಮಂಚದ ಮೇಲೆ ಮೆಣಸಿನಕಾಯಿ. ಪಕ್ಕದಲ್ಲಿ ಕಡಲೆಕಾಯಿ, ಸಂಡಿಗೆ. ನಡುವೆ ಒಂದು ಮೊರ. ಮೊರದಲ್ಲಿ ನನ್ನ ಐದು ಚುಟ್ಟ, ಅವನ ಹತ್ತು ಸಿಗಾರು, ಸಾಲಾಗಿ, ಸುಡುಬಿಸಿಲಿನಲ್ಲಿ!

‘ಅಕ್ಕಾ!’

ಅಕ್ಕ ಕಾಗೆ ಓಡಿಸುವ ಕೋಲು ಹಿಡಿದು ನೆರಳಲ್ಲಿ ಕೂತಿದ್ದಳು. ‘ಎರಡೂ ಮುಗ್ಗು ಹಿಡಿಯೋ ಹಂಗೆ ತೇವ ಆಗಿದ್ವು ಕಣಪ್ಪ. ಹಸೀದು ಹತ್ಕಂತದಾ? ನಿಮ್ಮ ಭಾವ ಬೆಂಕಿಪಟ್ಟಣ ಗೀರ್ಕೊಂಡು ಕೂತ್ಕಬೇಕಾ? ಅದ್ಕೇ ಹೊತ್ತು ಹುಟ್ಟುತ್ಲೇ ಒಣಗಾಕ್ದೆ.’

ನಮ್ಮ ಕಡೆಯ ಹೆಂಗಸರ ಕೈಗೆ ತೇವದ್ದು ಏನು ಸಿಕ್ಕರೂ ಮೊದಲು ಮಹಡಿಗೆ ಹೋಗುತ್ತದೆ. ನಮ್ಮ ಕಡೆಯ ಬಿಸಿಲೋ, ಎಮ್ಮೆಯನ್ನು ಕಟ್ಟಿದರೆ ಸಂಜೆಗೆ ಹಪ್ಪಳ ಬಿಚ್ಚಿಕೊಳ್ಳಬೇಕು. ಒಂದು ಚುಟ್ಟ ಮುಟ್ಟಿದೆ. ಪುಡಿಯಾಯಿತು. ಇನ್ನೊಂದು ಮುಟ್ಟಿದೆ. ಅದೂ ಪುಡಿ. ನನ್ನ ಕೂಗಿಗೆ ನರೇಂದ್ರ ಓಡಿಬಂದು ಮೊರವನ್ನು ನೆರಳಿಗೆ ಎಳೆದ.

‘ಅಮ್ಮಾ, ಅವು ಸಂಡಿಗೆ ಅಲ್ಲ!’

‘ಸಂಡಿಗೆ ಆಗಿದ್ರೆ ಕರೀತಿದ್ದೆ.’

ಅವನು ಹುಟ್ಟಿದ ಮೇಲೆ ಮೊದಲ ಸಲ ನಾವಿಬ್ಬರೂ ಒಂದೇ ಕಡೆ ನಿಂತು ಕೂಗಾಡಿದೆವು. ಅಕ್ಕ ಜಗ್ಗಲಿಲ್ಲ. ‘ಮೂಲೆ ಅಂಗಡೀಲಿ ಒಂದ್ ಕಟ್ಟು ಬೀಡಿ ತರ್ರಿ. ಅನ್ನ ಆರ್ತೈತೆ.’

‘ಬೀಡೀನಾ! ನನ್ನ ಭಾವಂಗಾ!’

‘ಅವ್ರಿಗೆ ಬೇಕಾಗಿದ್ದು ಹೊಗೆ. ನಿಮಗಿಬ್ರಿಗೂ ಬೇಕಾಗಿರೋದು ಬಿಂಕ. ಹೋಗ್ರಿ!’

ಬಿಂಕವಂತೆ! ನನ್ನನ್ನು ಬಿಂಕದವನು ಅಂದವರು ಈ ಭೂಮಿಯ ಮೇಲೆ ಅವಳೊಬ್ಬಳೇ.

ಹಬ್ಬವೆಂದು ಚುಟ್ಟ ಮಾರುವವರು ಬಾಗಿಲು ಹಾಕಿದ್ದರು. ಶಂಕರಯ್ಯನ ಗೂಡಂಗಡಿ ಒಂದೇ ತೆರೆದಿತ್ತು. ಅವನು ಬೀಡಿ ಕಟ್ಟನ್ನು ಬಿಸಾಡಿದಂತೆ ಮುಂದಿಟ್ಟ. ತೆಗೆದುಕೊಂಡು ಹೊರಟೆ. ಎರಡು ಹೆಜ್ಜೆ ಇಟ್ಟವನು ನಿಂತೆ. ನೀನು ಆರಿಸಿದ್ದನ್ನೇ ಎಂದು ಭಾವ ಹೇಳಿದ್ದ. ಚುಟ್ಟ ಹೋಯಿತು ಅಂದರೆ ಮಾತೂ ಹೋಯಿತೇ? ಕಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ತಗೋ ಎಂದು ಭಾವನ ಮುಂದೆ ಎಸೆದು ಬರಲೇ? ತಿರುಗಿ ಬಂದು ಕಟ್ಟು ಬಿಚ್ಚಿ, ಒಂದೊಂದನ್ನೇ ಕಿವಿಗೆ ಹಿಡಿದು ಹೊಸೆಯತೊಡಗಿದೆ. ಒಂದಕ್ಕೆ ದಾರ ಸಡಿಲ. ಒಂದರ ಹೊಟ್ಟೆ ಪೊಳ್ಳು. ಒಂದರ ಎಲೆಯಲ್ಲಿ ತೂತು.

‘ಏಮಯ್ಯಾ, ಅದಿ ಬೀಡಿ, ಬಂಗಾರಂ ಕಾದು!’ ಎಂದು ಶಂಕರಯ್ಯ ತೆಲುಗಿನಲ್ಲಿ ಅರಚಿದ, ಬೀಡಿ ಬಂಗಾರವಲ್ಲವಂತೆ.

‘ಬಂಗಾರ ಇಟ್ಟಿದ್ರೂ ಮೂಸೇ ತಗಳ್ತಿದ್ದೆ. ಇನ್ನೊಂದ್ ಕಟ್ಟು ತೆಗೀ.’

ಎರಡನೆಯ ಕಟ್ಟಿನಲ್ಲೂ ಯೋಗ್ಯವಾದದ್ದು ಇರಲಿಲ್ಲ. ನನ್ನ ಜೊತೆ ಬಂದಿದ್ದ ನರೇಂದ್ರ ಮೂರನೆಯದನ್ನು ತಾನೇ ಬಿಚ್ಚಿದ. ಕಿವಿಗೆ ಹಿಡಿದ. ‘ಮಾವ, ಇದು ನೋಡು.’

‘ತಲೆ ಬಿಗಿ ಐತೆ.’

‘ತಲೆ ನಿಂದು ಬಿಗಿ. ಸರಿಯಾಗಿ ನೋಡು.’

ಅಷ್ಟರಲ್ಲಿ ಅವನ ಹೆಂಡತಿ ಶಿರೀಷಾ ಫೋನು ಮಾಡಿದಳು. ‘ಅತ್ತೆ ಕೇಳ್ತಾವ್ರೆ. ನೀವು ಬೀಡಿ ತರಕ್ಕೆ ಹೋದ್ರಾ, ಕಟ್ಟಕ್ಕೆ ಹೋದ್ರಾ ಅಂತ.’

ಸರಿಯಾಗಿ ನೋಡಿದೆ. ಎಲೆಯ ನರ ಒಂದೂ ಒಡೆದಿರಲಿಲ್ಲ, ಬುಡದಿಂದ ತುದಿಯವರೆಗೆ ಒಂದೇ ಬಿಗಿ. ಸಿಟ್ಟಿನಲ್ಲೇ ಮೂಸಿದೆ. ಸಿಟ್ಟಿನಲ್ಲೇ ‘ಇದೇ’ ಅಂದೆ.

ನರೇಂದ್ರ ಒಂದು ದಮ್ಮು ಎಳೆದು ಹೊತ್ತಿಸಿಕೊಟ್ಟ, ಎಡೆಯ ಬಲಕ್ಕೆ ಅದನ್ನು ನಾನೇ ಇಟ್ಟೆ. ಬಾಗಿಲು ಹಾಕಿ ಹೊರಗೆ ನಿಂತೆವು. ಬೀಡಿ! ನನ್ನ ಭಾವನಿಗೆ! ನೆನೆದಷ್ಟೂ ಮೈ ಉರಿಯುತ್ತಿತ್ತು. ಬೀಡಿಯ ಜಾತಿಯೇ ಅಂಥದ್ದು, ಎಳೆಯುವವರಿಲ್ಲದಿದ್ದರೆ ಕ್ಷಣದಲ್ಲಿ ಆರಿಹೋಗುತ್ತದೆ. ಇದು ಆರಲಿಲ್ಲ. ಬಾಗಿಲ ಸಂದಿಯಿಂದ ಹೊಗೆ ನಿಧಾನವಾಗಿ, ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಕಣ್ಣಾರೆ ಕಂಡಿದ್ದೇನೆ.

‘ಅಪ್ಪ ಎಳೀತಾವ್ನಾ ಮಾವ?’ ನರೇಂದ್ರ ಮೆಲ್ಲಗೆ ಕೇಳಿದ.

‘ಎಳೀದೆ ಏನ್ಲಾ? ಆರಿಸಿದ್ದು ಯಾರು ಅಂದ್ಕಂಡೆ?’ ಎಂದು ಗದರಿದೆ.