ರಂಗಿಯ ಬಂದೂಕಿಗೊಂದು ಡಬ್ಬಿ

೧

ಈ ಕಥೆಯನ್ನು ಸದ್ದಿನಿಂದ ಶುರು ಮಾಡಬೇಕೋ, ಸದ್ದಿಲ್ಲದೆ ಶುರು ಮಾಡಬೇಕೋ ತಿಳಿಯದೆ ಒದ್ದಾಡಿದ್ದೇನೆ. ಮೊದಲು "ಢಂ!" ಎಂದು ಬರೆದೆ. ಮಕ್ಕಳ ಪುಸ್ತಕದಂತಾಯಿತು, ಹೊಡೆದುಹಾಕಿದೆ. "ಬೆಟ್ಟ ಮೌನವಾಗಿತ್ತು" ಎಂದು ಬರೆದೆ. ಬೆಟ್ಟ ಯಾವತ್ತು ಮಾತಾಡಿತ್ತು ಸ್ವಾಮಿ ಎಂದು ನೀವೇ ಕೇಳುತ್ತೀರಿ. ಅದನ್ನೂ ಹೊಡೆದುಹಾಕಿದೆ. ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳುವುದೇ ಮೇಲು: ಭೂಗೋಳದ ದಕ್ಷಿಣ ತುದಿಯ ಟುವಾಟಪೆರೆ ಎಂಬ ಊರಿನ ರಂಗಿ ಪೊಹಾಟು ಎಂಬುವನು ತನ್ನ ಬೇಟೆಯ ರೈಫಲ್ಲಿಗೆ ಮೊದಲ ಸಲ ಸಪ್ರೆಸರ್ ಕೊಳ್ಳಲು ಹೊರಟ.

(ರಂಗಿ ಹೆಂಗಸಲ್ಲ. ಮಾಂಸದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ, ಇಲ್ಲಿನ ಮೂಲನಿವಾಸಿ ಮಾವೊರಿ ಜನದ ಗಂಡಸು. ಅವರ ಭಾಷೆಯಲ್ಲಿ ಆ ಹೆಸರಿಗೆ ಆಕಾಶ ಎಂದರ್ಥ. ನಿಮಗೆ ನಿಮ್ಮ ಬೀದಿಯ ಹೂವಿನ ರಂಗಿ ನೆನಪಾದರೆ ತಪ್ಪು ನನ್ನದಲ್ಲ.)

ಇನ್ನು ಈ ಸಪ್ರೆಸರ್. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಸೈಲೆನ್ಸರ್ ಎಂದರೆ ನೀವು ಬೈಕಿನದು ಅಂದುಕೊಳ್ಳುತ್ತೀರಿ, ಕಾಲೇಜು ಹುಡುಗರು ಅದನ್ನು ಕಿತ್ತೆಸೆದು ಬೀದಿಯಲ್ಲಿ ಮೆರೆಯುವುದೂ ನೆನಪಾಗುತ್ತದೆ. 'ಶಬ್ದಶಾಮಕ' ಎಂದು ಬರೆದು ನೋಡಿದೆ. ಕೆಮ್ಮಿನ ಲೇಹ್ಯದ ಹೆಸರಿನಂತಿತ್ತು. ನಳಿಕೆಯ ತುದಿಗೆ ತಿರುಗಿಸಿ ಕೂರಿಸುವ, ಗುಂಡಿನ ಸದ್ದನ್ನು ಪೂರ್ತಿ ನುಂಗದೆ ಅರ್ಧಮರ್ಧ ನುಂಗುವ ಲೋಹದ ಉದ್ದ ಡಬ್ಬಿ ಅದು. ಇಲ್ಲಿ ಎಷ್ಟೋ ಜನ ಡಬ್ಬಿ ಎಂದೇ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ.

೨

ಮೊದಲ ಕರಡು ಹೀಗಿತ್ತು: "ರಂಗಿ ಬೆಳಗ್ಗೆ ಎದ್ದು, ಚೀಸ್ ರೋಲ್ ತಿಂದು, ಮಗಳು ಕಿರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಇನ್ವರ್‌ಕಾರ್ಗಿಲ್ಲಿನ ಬಂದೂಕಿನ ಅಂಗಡಿಗೆ ಹೊರಟ. ಗುಟುರಿನ ಕಾಲ ಹತ್ತಿರವಾಗಿತ್ತು."

ಬಿಟ್ಟುಬಿಟ್ಟೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಯಾರಿಗೂ ಏನೂ ಆಗಬೇಕಾಗಿಲ್ಲ. ಹೀಗೆ ಬರೆದರೆ ಡಬ್ಬಿ ಕೊಳ್ಳುವುದಕ್ಕೂ ಬದನೆಕಾಯಿ ಕೊಳ್ಳುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆದ್ದರಿಂದ ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಏಪ್ರಿಲ್ ಬಂತೆಂದರೆ ಇಲ್ಲಿನ ಗಂಡುಜಿಂಕೆಗಳು ಮದವೇರಿ ಗುಟುರು ಹಾಕುತ್ತವೆ. ಬೇಟೆಗಾರರೂ ಗುಟುರು ಹಾಕುತ್ತಾರೆ. ಎದುರಾಳಿ ಬಂದನೆಂದು ಜಿಂಕೆ ಜಗಳಕ್ಕೆ ಹೊರಬರಲಿ ಎಂಬ ಉಪಾಯ. ಪೊದೆಯ ಆಚೆ ಒಬ್ಬ, ಈಚೆ ಒಬ್ಬ ಕೂತು ಅರ್ಧ ದಿನ ಒಬ್ಬರಿಗೊಬ್ಬರು ಗುಟುರು ಹಾಕಿ, ಕೊನೆಗೆ ಎದುರುಬದುರಾಗಿ "ಥೂ, ನೀನಾ?" ಎಂದು ಚಹಾ ಕುಡಿದದ್ದುಂಟು. ಜಿಂಕೆಯೆಂದು ಗುಂಡು ಹಾರಿ, ಚಹಾ ಕುಡಿಯಲು ಒಬ್ಬನೇ ಉಳಿದದ್ದೂ ಉಂಟು.

ಕಳೆದ ಏಪ್ರಿಲ್ಲಿನಲ್ಲಿ ರಂಗಿ ಮತ್ತು ಕಿರಿ ಬೆಟ್ಟದಲ್ಲಿದ್ದರು. ಅವಳು ಅವನ ಬಲಗಡೆ, ಸ್ವಲ್ಪ ದೂರದ ಜರಿಗಿಡಗಳ ನಡುವೆ ಕೂತಿದ್ದಳು. ಗುಟುರು ಕೇಳಿತು. ರಂಗಿ ಸರಕ್ಕನೆ ಬಲಕ್ಕೆ ತಿರುಗಿ ರೈಫಲ್ ಎತ್ತಿದ. ಅದರ ಮೇಲಿನ ದುರ್ಬೀನಿನಲ್ಲಿ ಕಂಡದ್ದು ಕಿತ್ತಳೆ ಬಣ್ಣ, ಮಗಳ ಕೋಟು. ಜಿಂಕೆ ಇದ್ದದ್ದು ಎಡಗಡೆ. ಅದು ಆರಾಮವಾಗಿ ಇಳಿದುಹೋಯಿತು. ಕಿರಿ ಆಚೆ ನೋಡುತ್ತಿದ್ದಳು, ಅವಳಿಗೆ ಏನೂ ಗೊತ್ತಾಗಲಿಲ್ಲ. "ಗಾಳಿ ಮೋಸ ಮಾಡ್ತು" ಎಂದ ರಂಗಿ.

ಗಾಳಿಯಲ್ಲ. ಹುಡುಗನಾಗಿದ್ದಾಗಿನಿಂದ ಕಿವಿಗೆ ಹತ್ತಿಯನ್ನೂ ಇಡದೆ ಹೊಡೆದ ಗುಂಡುಗಳು ಅವನ ಎಡಗಿವಿಯನ್ನು ತಿಂದುಹಾಕಿದ್ದವು. ಒಂದೇ ಕಿವಿ ಇದ್ದವನಿಗೆ ಸದ್ದು ಕೇಳುತ್ತದೆ, ದಿಕ್ಕು ಕೇಳುವುದಿಲ್ಲ. ಎಲ್ಲ ಸದ್ದೂ ಒಳ್ಳೆಯ ಕಿವಿಯ ಕಡೆಯಿಂದಲೇ ಬಂದಂತಾಗುತ್ತದೆ. ಬಲಗಿವಿಯೂ ಹೊರಟುನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವನಿಗೆ ಡಬ್ಬಿಯ ಯೋಚನೆ ಬಂತು. ದಿಕ್ಕಿನ ವಿಷಯ ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಕಿರಿ ಮತ್ತೆ ತನ್ನ ಜೊತೆ ಬೆಟ್ಟ ಹತ್ತುವುದಿಲ್ಲ ಎಂದು ಅವನಿಗೆ ಭಯ. ಗೊತ್ತಾಗದಿದ್ದರೆ ಹತ್ತುತ್ತಾಳೆಂದು ನನಗೆ ಭಯ.

೨ (ಮತ್ತೆ, ಏಕೆಂದರೆ ರಂಗಿ ಮುಂದಕ್ಕೆ ಹೋಗಲು ಬಿಡುತ್ತಿಲ್ಲ)

"ಆ ಪ್ಯಾರಾ ತೆಗಿ," ಎಂದ.

"ಯಾವುದು?"

"ಗೊತ್ತಿಲ್ಲದೋನ ಹಾಗೆ ಆಡ್ಬೇಡ. ಕಿತ್ತಳೆ ಕೋಟಿಂದು."

"ಓದುಗರು ಓದಿಬಿಟ್ರಲ್ಲ ಮಾರಾಯ."

"ಓದ್ಲಿ ಬಿಡು. ಅವ್ರೆಲ್ಲ ಇರೋದು ಧಾರವಾಡದಲ್ಲಿ, ಮೈಸೂರಲ್ಲಿ. ಅಲ್ಲಿಂದ ಬಂದು ಕಿರಿಗೆ ಚಾಡಿ ಹೇಳ್ತಾರಾ? ನಿನ್ನ ಜಿಲೇಬಿ ಅಕ್ಷರ ಈ ಊರಲ್ಲಿ ಯಾವನಿಗೆ ಓದೋಕೆ ಬರುತ್ತೆ? ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

"ಹಾಗಾದ್ರೆ ನೀನೇ ಹೇಳು ಅವಳಿಗೆ."

"ಡಬ್ಬಿ ತಗೋತಿದೀನಲ್ಲ, ಇನ್ನೇನು?"

"ಡಬ್ಬಿ ಹಾಕಿದ್ರೆ ಹೋದ ಕಿವಿ ವಾಪಸ್ ಬರುತ್ತಾ?"

"ಇರೋದು ಉಳಿಯುತ್ತೆ. ನೀನೀಗ ನಮ್ಮನ್ನ ಕಾರು ಹತ್ತಿಸ್ತೀಯೋ ಇಲ್ವೋ? ಅಂಗಡಿ ಮುಚ್ಚಿಬಿಡ್ತಾರೆ."

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ, ತಲೆಯ ಮೇಲೆ ಕೂರುತ್ತವೆ. ಆದರೂ ಹತ್ತಿಸಿದೆ. ಸಂಬಂಧ ಕೆಡಿಸಿಕೊಂಡರೆ ಕಥೆ ನಡೆಯುವುದಿಲ್ಲ.)

೪

ಮೂರು ಇಲ್ಲ. ಅದರಲ್ಲಿ ದಾರಿಯ ವರ್ಣನೆ ಇತ್ತು: ಕುರಿ, ಹುಲ್ಲು, ಕುರಿ.

ಅಂಗಡಿಯ ಡೂಗಲ್ ಕೆಂಪು ಗಡ್ಡದ, ನಿಧಾನದ ಮನುಷ್ಯ. ಈ ಸೀಮೆಯ ಹಳಬರಂತೆ ರಕಾರವನ್ನು ನಾಲಿಗೆಯ ಮೇಲೆ ಉರುಳಿಸಿ ಆಡುತ್ತಾನೆ. ಅವನ ಬಾಯಲ್ಲಿ 'ರೈಫಲ್' ಎಂದರೆ ಚಳಿಯಲ್ಲಿ ಟ್ರ್ಯಾಕ್ಟರ್ ಶುರುವಾದ ಹಾಗೆ. ರಂಗಿ ಚೀಲದಿಂದ ಬಂದೂಕು ತೆಗೆದು ಗಾಜಿನ ಮೇಜಿನ ಮೇಲಿಟ್ಟ.

"ತ್ರೀ-ಓ-ಏಟ್ ಗುಂಡಿಂದು. ನಮ್ಮಪ್ಪಂದು. ಇದಕ್ಕೊಂದು ಡಬ್ಬಿ ಬೇಕು."

"ಒಳ್ಳೆ ಮಾಲು ಗುರು. ಡಬ್ಬಿ ತಿರುಗಿಸೋಕೆ ತುದಿಗೆ ತಿರುಪಿನ ಥ್ರೆಡ್ ಹಾಕ್ಸಿಲ್ವಲ್ಲ?"

"ನಮ್ಮಪ್ಪ ಅದರ ತುದಿ ಕಡೆ ತಲೆನೇ ಕೆಡಿಸ್ಕೊಂಡೋನಲ್ಲ. ಗುಂಡು ಆಚೆ ಹೋದ್ರೆ ಸಾಕಿತ್ತು."

"ಹಾಗಾದ್ರೆ ಬಂದೂಕು ಇಲ್ಲೇ ಬಿಟ್ಟು ಹೋಗಿ. ಹಿಂದೆ ಲೇತ್ ಇದೆ, ಅಳತೆ ನೋಡಿ ಥ್ರೆಡ್ ಕೊರೆದು ಡಬ್ಬಿ ಕೂರಿಸಿ ಕೊಡ್ತೀವಿ. ಡಬ್ಬಿ ಒಂದು ಅಳತೆ, ನಳಿಕೆ ಒಂದು ಅಳತೆ, ಮನೇಲಿ ಕೂತು ಬಲವಂತವಾಗಿ ತಿರುಗಿಸಿ ಎರಡನ್ನೂ ಹಾಳು ಮಾಡ್ಕೊಂಡು ಬರೋ ಪುಣ್ಯಾತ್ಮರು ಎಷ್ಟು ಜನ ಬೇಕು ನಿಮಗೆ?"

ಅವನು ಡಬ್ಬಿಗಳನ್ನು ಒಂದೊಂದಾಗಿ ಹೊರಗಿಟ್ಟ. ಕೆಲವು ನಳಿಕೆಯಿಂದ ಮುಂದಕ್ಕೆ ಚಾಚಿಕೊಳ್ಳುವಂಥವು. ಕೆಲವು ನಳಿಕೆಯ ಮೇಲೆ ಹಿಂದಕ್ಕೂ ಹೊದ್ದುಕೊಂಡು, ಬಂದೂಕಿನ ಉದ್ದ ಹೆಚ್ಚದಂತೆ ನೋಡಿಕೊಳ್ಳುವಂಥವು. ಹಾಲಿನ ಫಾರಮ್ಮಿನಲ್ಲಿ ಕೆಲಸ ಮಾಡುವ ಕಿರಿ ಕೈಯಲ್ಲೇ ತೂಕ ನೋಡುವವಳು. ಒಂದನ್ನು ಎತ್ತಿ ಎತ್ತಿ ನೋಡಿದಳು.

"ಇದು ಹಗುರ ಇದೆ ನೋಡಪ್ಪ."

"ನಂಗೆ ದೊಡ್ಡದೇ ಬೇಕು. ಸದ್ದು ಜಾಸ್ತಿ ನುಂಗೋದು."

"ನುಂಗುತ್ತೆ," ಎಂದ ಡೂಗಲ್. "ಕಾಡಲ್ಲಿ ಪ್ರತಿ ಬಳ್ಳಿಗೂ ಸಿಕ್ಕಾಕೊಳ್ಳುತ್ತೆ ಕೂಡ. ಹಗುರನೂ ಆಗ್ಬೇಕು, ಸದ್ದೂ ಇರ್ಬಾರ್ದು ಅಂದ್ರೆ ಅಂಥದ್ದು ಇನ್ನೂ ಹುಟ್ಟಿಲ್ಲ."

(ಈ ದೃಶ್ಯಕ್ಕಾಗಿ ನಾನು ಅಂಗಡಿಗಳಲ್ಲಿ ಕಾಲು ನೋಯುವಷ್ಟು ನಿಂತು ಕೇಳಿದ್ದೇನೆ. ಅಲ್ಯೂಮಿನಿಯಂ, ಸ್ಟೀಲು, ಟೈಟೇನಿಯಂ. ಡಬ್ಬಿ ಕೂರಿಸಿದ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಗುರಿ ಮತ್ತೆ ಸರಿಮಾಡಿಕೊಳ್ಳಬೇಕು. ಮನೆಗೆ ಬಂದು ಬಿಚ್ಚಿಡದಿದ್ದರೆ ಒಳಗಿನ ತೇವಕ್ಕೆ ನಳಿಕೆ ತುಕ್ಕು ಹಿಡಿಯುತ್ತದೆ. ಎಲ್ಲವನ್ನೂ ಹಾಕಿದ್ದೆ. ನನ್ನ ಹೆಂಡತಿ ಓದಿ, "ಇದು ಕಥೆನೋ ಅಂಗಡಿ ಬೋರ್ಡೋ?" ಅಂದಳು. ತೆಗೆದುಬಿಟ್ಟೆ. ಅಂದರೆ, ತೆಗೆದೆನೆಂದು ಹೇಳುವ ನೆಪದಲ್ಲಿ ಇಲ್ಲಿ ತುರುಕಿದೆ.)

"ಇದನ್ನ ಹಾಕಿದ್ರೆ ಸದ್ದೇ ಬರಲ್ವಾ?" ಎಂದು ಕೇಳಿದಳು ಕಿರಿ.

"ಸಿನಿಮಾದಲ್ಲಿ ಬರಲ್ಲ. ಗುಂಡು ಸದ್ದಿಗಿಂತ ಜೋರಾಗಿ ಓಡುತ್ತಲ್ಲಮ್ಮ, ಅದರ ಚಟ್ ಅನ್ನೋದು ಇದ್ದೇ ಇರುತ್ತೆ. ನಳಿಕೆ ಬಾಯಿಂದ ಬರೋ ಢಂ ಅನ್ನೋದು ಮಾತ್ರ ಕಡಿಮೆಯಾಗುತ್ತೆ. ಅದರಲ್ಲೇ ಒಂದು ಲಾಭ ಇದೆ. ಜಿಂಕೆಗೆ ಸದ್ದು ಕೇಳುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಎಷ್ಟೋ ಸಲ ಓಡೋದೇ ಇಲ್ಲ, ನಿಂತಲ್ಲೇ ಆ ಕಡೆ ಈ ಕಡೆ ಕತ್ತು ತಿರುಗಿಸ್ತಾ ಇರುತ್ತೆ. ಪಾಪ, ಯಾವ ಕಡೆ ಓಡ್ಬೇಕು ಅಂತ್ಲೇ ತಿಳಿಯಲ್ಲ ಅದಕ್ಕೆ."

ರಂಗಿ ಕೈಲಿದ್ದ ದೊಡ್ಡ ಡಬ್ಬಿಯನ್ನು ಕೆಳಗಿಟ್ಟ.

"ನನ್ನ ಹಾಗೆ," ಎಂದ.

ಈ ಮಾತನ್ನು ನಾನು ಅವನಿಗೆ ಬರೆದುಕೊಟ್ಟಿರಲಿಲ್ಲ. ನನ್ನ ಕರಡಿನಲ್ಲಿ ಅವನು ದುಡ್ಡು ಕೊಟ್ಟು, ಬೇಕರಿಯಲ್ಲಿ ಮಾಂಸದ ಪೈ ತಿಂದು, ಮನೆಗೆ ಹೋಗುತ್ತಿದ್ದ.

"ಏನಂದೆ ಅಪ್ಪ?"

"ನಂಗೂ ಹಾಗೇ ಕಣೇ. ಕೇಳುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಎಡಗಿವಿ ಸತ್ತುಹೋಗಿದೆ. ಹೋದ ವರ್ಷ ಗಾಳಿ ಮೋಸ ಮಾಡ್ತು ಅಂದೆನಲ್ಲ, ಗಾಳಿಯಲ್ಲ. ದುರ್ಬೀನಲ್ಲಿ ನಿನ್ನ ಕೋಟು ಕಾಣ್ತು ನಂಗೆ."

ಡೂಗಲ್ ಗಡ್ಡ ಕೆರೆದುಕೊಂಡ. "ಲೇತ್ ಖಾಲಿ ಇದೆಯಾ ನೋಡ್ಕೊಂಡು ಬರ್ತೀನಿ," ಎಂದು ಒಳಗೆ ಹೋದ. ಲೇತ್ ಖಾಲಿ ಇದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು.

೫

ಇಲ್ಲಿ ಮುಗಿಸಬಹುದು. ಮುಗಿಸುವ ದಾರಿಗಳೂ ಸಿದ್ಧವಿವೆ.

ಒಂದು: ಕಿರಿ ಮಾತಿಲ್ಲದೆ ಹೊರಗೆ ಹೋಗುತ್ತಾಳೆ. ರಂಗಿ ಅಪ್ಪನ ಬಂದೂಕನ್ನು ಅಲ್ಲೇ ಮಾರಿಬಿಡುತ್ತಾನೆ. ಬಹುಮಾನ ಬರುವ ಸಾಧ್ಯತೆ ಇರುವುದು ಇದಕ್ಕೇ.

ಇನ್ನೊಂದು: ಕಿರಿ ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ.

"ನಾನು ತಬ್ಕೊಳ್ಳಲ್ಲ," ಎಂದಳು ಕಿರಿ. ಇಷ್ಟು ಹೊತ್ತು ನನ್ನೊಡನೆ ಮಾತೇ ಆಡದಿದ್ದವಳು.

"ಯಾಕಮ್ಮ?"

"ಸಿಟ್ಟು ಬಂದಿದೆ. ಮಗಳ ಕಡೆ ಬಂದೂಕು ತಿರುಗಿಸಿ ಒಂದು ವರ್ಷ ಗಾಳಿ ಗೀಳಿ ಅಂತ ಕಥೆ ಕಟ್ಟಿದಾನೆ. ನಿಂಗೂ ಗೊತ್ತಿತ್ತು. ನೀನೂ ಬಾಯಿ ಮುಚ್ಕೊಂಡಿದ್ದೆ. ಬರೆಯೋದಾದ್ರೆ ಅದನ್ನ ಬರಿ."

ಬರೆದಿದ್ದೇನೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಕೈ ಖಾಲಿ ಮಾಡಿಕೊಂಡು ಮೇಜಿನ ಮುಂದೆ ನಿಂತ ಆ ದೊಡ್ಡ ಆಳನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಕಿರಿ ಬಂದೂಕನ್ನು ಎತ್ತಿ ಹೆಗಲಿಗೆ ಒತ್ತಿ ನೋಡಿದಳು. ಅಪ್ಪನ ಅಳತೆಯದು. ಅವಳ ಕೈಗೆ ಉದ್ದವಾಗುತ್ತಿತ್ತು.

"ಡೂಗಲ್," ಎಂದು ಒಳಗೆ ಕೂಗಿದಳು. "ಈ ಮರದ ಹಿಡಿನ ನನ್ನ ಅಳತೆಗೆ ಕೊಯ್ಯೋಕಾಗುತ್ತಾ?"

"ಕೊಯ್ಯೋದಾ!" ರಂಗಿ ಬೆಚ್ಚಿಬಿದ್ದ. "ನಮ್ಮಪ್ಪಂದು ಕಣೇ ಅದು!"

"ನಮ್ಮಪ್ಪಂದೂ ಹೌದು. ಇನ್ಮೇಲೆ ಹೊಡೆಯೋಳು ನಾನು, ಗುಟುರು ಹಾಕೋನು ನೀನು. ಒಪ್ಪಿಗೆ ಇದ್ರೆ ಬೆಟ್ಟಕ್ಕೆ ಬರ್ತೀನಿ. ಇಲ್ದಿದ್ರೆ ನೀನೂ ಹೋಗಲ್ಲ, ನಾನೂ ಬರಲ್ಲ. ಡೂಗಲ್ ಎದುರೇ ಹೇಳ್ತಿದೀನಿ."

"ಕೊಯ್ದ ಮೇಲೆ ಮತ್ತೆ ಅಂಟಿಸೋಕಾಗಲ್ಲ ಗುರು," ಎಂದ ಡೂಗಲ್, ರಂಗಿಯ ಮುಖ ನೋಡುತ್ತ.

ರಂಗಿ ಆ ಮರದ ಹಿಡಿಯ ಮೇಲೆ ಕೈಯಾಡಿಸಿದ. ನಾನು ಅವನ ಬಾಯಿಗೆ ನಾಲ್ಕೈದು ವಾಕ್ಯ ಹಿಡಿದು ನೋಡಿದೆ. ಯಾವುದನ್ನೂ ಅವನು ಆಡಲಿಲ್ಲ.

"ಕೊಯ್ಯಿ," ಎಂದ ಕೊನೆಗೆ. "ಡಬ್ಬಿ ಆ ಹಗುರದ್ದು ಹಾಕು. ಹೊತ್ಕೊಳ್ಳೋಳು ಅವಳಲ್ವಾ."

೬

ಏಪ್ರಿಲ್. ಬೆಟ್ಟ. (ಮೌನವಾಗಿತ್ತು ಎಂದು ಬರೆಯುವುದಿಲ್ಲ.) ಕಿರಿ ಗುರಿಹಲಗೆಗೆ ಹೊಡೆದು ಹೊಡೆದು ಬಂದೂಕನ್ನು ಹದಕ್ಕೆ ತಂದಿದ್ದಾಳೆ. ರಂಗಿಯ ಕೈಯಲ್ಲಿ ಕಸ ಎಳೆಯುವ ಮೆಷಿನ್ನಿನ ಸುಕ್ಕುಸುಕ್ಕು ಪೈಪಿದೆ. ಗುಟುರಿಗೆ ಅದಕ್ಕಿಂತ ಒಳ್ಳೆಯ ವಾದ್ಯ ಇಲ್ಲ. ಮನೆಯಲ್ಲಿ ಅವನ ಹೆಂಡತಿ ಅದನ್ನು ಹುಡುಕುತ್ತಿರಬಹುದು.

ಈ ಸಲ ಇಬ್ಬರೂ ಮೈಗೆ ಮೈ ತಾಗಿಸಿ ಕೂತಿದ್ದಾರೆ. ರಂಗಿ ಪೈಪಿಗೆ ಬಾಯಿಟ್ಟು ಗುಟುರು ಹಾಕಿದ. ಅವನ ಗುಟುರಿಗೆ ಜಿಂಕೆಗಳೇ ಸೋಲಬೇಕು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

ರಂಗಿ ಬಲಕ್ಕೆ ನೋಡಿದ. ಕಿರಿ ಎಡಕ್ಕೆ ನೋಡಿದಳು.

"ಬರ್ತಿದೆ. ಎತ್ತೇ," ಎಂದು ಪಿಸುಗುಟ್ಟಿದ.

"ಕೊನೇಲಿ ಕೆಮ್ಮಿದ ಹಾಗಿತ್ತು ಅಪ್ಪ."

"ಜಿಂಕೆನೂ ಕೆಮ್ಮುತ್ತೆ."

ಇನ್ನೊಂದು ಗುಟುರು ಬಂತು, ಇನ್ನೂ ಹತ್ತಿರದಿಂದ. ಜರಿಗಿಡ ಅಲ್ಲಾಡಿತು. ಕಂದು ಬಣ್ಣದ್ದೇನೋ ಕಂಡು ಮರೆಯಾಯಿತು. ಜಿಂಕೆಯ ಮೈಯೂ ಕಂದು, ಈ ಊರಿನ ಅರ್ಧ ಜನರ ಸ್ವೆಟರೂ ಕಂದು. ಕಿರಿ ಬಂದೂಕಿನ ಬೋಲ್ಟ್ ಹಿಂದಕ್ಕೆಳೆದು ಗುಂಡು ಹೊರತೆಗೆದಳು. ಬಂದೂಕನ್ನು ಹುಲ್ಲಿನ ಮೇಲೆ ಮಲಗಿಸಿದಳು. ಎದ್ದು ನಿಂತು, ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದಳು:

"ಹಲೋ! ಯಾರದು?"

"ಅಯ್ಯೋ ನಿನ್ನ! ಓಡಿಸಿಬಿಟ್ಯಲ್ಲೇ!" ಎಂದು ರೇಗಿದ ರಂಗಿ.

"ಓಡ್ಹೋದ್ರೆ ಜಿಂಕೆ ಅಪ್ಪ. ಮಾತಾಡಿದ್ರೆ ಮನುಷ್ಯ."

ನೀವು ಕಾಯುತ್ತಿದ್ದೀರಿ. ಜಿಂಕೆ ಎಂದು ಬರೆದರೆ ಅವಳು ಸುಮ್ಮನೆ ಬೇಟೆ ಕೆಡಿಸಿದಳು ಎನ್ನುತ್ತೀರಿ. ಮನುಷ್ಯ ಎಂದು ಬರೆದರೆ ಎಂಥ ಜಾಣೆ ಎನ್ನುತ್ತೀರಿ. ಕೂಗುವಾಗ ಅವಳಿಗೆ ಎರಡೂ ಗೊತ್ತಿರಲಿಲ್ಲ, ಆದ್ದರಿಂದ ನಿಮಗೂ ಹೇಳುವುದಿಲ್ಲ. ಬೇಕಾದರೆ ನನ್ನನ್ನು ಬೈದುಕೊಳ್ಳಿ.

ರಂಗಿ ಇನ್ನೂ ಬಲಕ್ಕೇ ಮುಖ ಮಾಡಿ, ಕತ್ತು ಚಾಚಿ ಉತ್ತರ ಹುಡುಕುತ್ತಿದ್ದ. ಕಿರಿ ಅವನ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದಳು. ಅವನು ತಿರುಗಿಸಗೊಟ್ಟ. ಪೈಪನ್ನು ಕೆಳಗೆ ಹಾಕಿ, ಬಾಯಿಗೆ ಎರಡೂ ಕೈ ಅಡ್ಡ ಇಟ್ಟು, ಮಗಳು ತೋರಿಸಿದ ಕಡೆಗೆ ಅವನೂ ಕೂಗಿದ:

"ಹಲೋ! ಯಾರಪ್ಪಾ ಅದು?"