ಪಾರ್ವತೆಮ್ಮ ಬರೆಸಿದ ಸುಳ್ಳು

ಗೊರೇಬಾಳದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಕರೆ ಹೋಗುವುದು ಪಾರ್ವತೆಮ್ಮನಿಗೆ. ಕೂಸಿಗೆ ಎರೆಯುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇನ್ನೊಬ್ಬರಿಲ್ಲ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಚೊಂಬಿನಿಂದ ಧಾರೆಯಾಗಿ ಸುರಿದು, ಲೋಬಾನದ ಹೊಗೆ ಕೊಟ್ಟು ಮಲಗಿಸಿದಳೆಂದರೆ ಕೂಸು ಗಪ್‌ಚುಪ್. ಪಾರ್ವತೆಮ್ಮ ಎರೆದರೆ ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಊರಿಗೆ ಊರೇ ಹೊಗಳುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ? ಅವಳೂ ಸೆರಗು ಸಿಕ್ಕಿಸಿಕೊಂಡು ಮನೆ ಮನೆಗೆ ಹೋಗುತ್ತಿದ್ದಳು.

ಅವಳ ಮಗಳು ರಾಜಶ್ರೀಯನ್ನು ಮಸ್ಕಿಗೆ ಕೊಟ್ಟಿತ್ತು. ಎರಡು ವರ್ಷದ ಹಿಂದೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಸಣ್ಣ ಕೂಸು ಮನೆಗೆ ಬಂದ ದಿನವೇ ತೀರಿಕೊಂಡಿತು. ಈಗ ಎರಡನೆಯದೂ ಅವಸರದಲ್ಲೇ ಹುಟ್ಟಿತ್ತು. ಒಂಬತ್ತು ದಿನ ಸಿಂಧನೂರಿನ ದವಾಖಾನೆಯಲ್ಲಿ ಇಟ್ಟುಕೊಂಡು, ಆ ದಿನ ಬೆಳಿಗ್ಗೆ ಮನೆಗೆ ಕಳಿಸಿದ್ದರು. ತೂಕ ಒಂದು ಕಿಲೋ ಏಳುನೂರೈವತ್ತು ಗ್ರಾಂ. ಟೊಪ್ಪಿಗೆ, ಲಂಗೋಟಿ ಬಿಟ್ಟರೆ ಕೂಸಿನ ಮೈಮೇಲೆ ಬೇರೆ ಬಟ್ಟೆಯಿಲ್ಲ. ರಾಜಶ್ರೀ ಅದನ್ನು ತನ್ನ ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿಕೊಂಡೇ ಆಟೋದಿಂದ ಇಳಿದಳು.

ಪಾರ್ವತೆಮ್ಮ ಆಗಲೇ ಹಂಡೆಗೆ ಬೆಂಕಿ ಹಾಕಿದ್ದಳು.

"ಕೂಸು ಕೊಡಬೇ, ನೀರು ಕಾದಾವ."

"ಕೊಡಂಗಿಲ್ಲ ಯವ್ವ."

"ಒಂಬತ್ತು ದಿನ ನೀರು ಕಂಡಿಲ್ಲ ಅದು! ಎರೀಲಿಲ್ಲಂದ್ರ ಎಲುವು ಗಟ್ಟಿ ಹೆಂಗ ಆಗಬೇಕು? ನಿನ್ನ ಎರದು ಬೆಳೆಸಿದ್ದು ನಾನಾ, ಸಿಂಧನೂರು ಡಾಕ್ಟರಾ?"

"ನಾ ಹುಟ್ಟಿದಾಗ ಮೂರು ಕಿಲೋ ಇದ್ದೆ ಅಂತ ನೀನ ಹೇಳತಿದ್ದಿ. ಇದು ಎರಡೂ ಇಲ್ಲ. ಎರಡು ಕಿಲೋ ಆಗೋತನ ನೀರು ಹಾಕಬ್ಯಾಡ್ರಿ ಅಂದಾರ."

ತಾಯಿ ಮಗಳ ದನಿ ಏರುವ ಹೊತ್ತಿಗೆ ಆಶಾ ಕಾರ್ಯಕರ್ತೆ ಭಾಗ್ಯಶ್ರೀ ಹೆಗಲ ಚೀಲದೊಂದಿಗೆ ಒಳಗೆ ಬಂದಳು. ಸಣ್ಣ ಕೂಸು ಊರಿಗೆ ಬಂದಿದೆ ಎಂದು ದವಾಖಾನೆಯಿಂದ ಅವಳಿಗೆ ಫೋನ್ ಬಂದಿತ್ತು. ಪಾರ್ವತೆಮ್ಮ ಅವಳನ್ನೇ ಪಂಚಾಯ್ತಿಗೆ ಎಳೆದಳು.

"ನೀನರ ಹೇಳವ್ವ ಭಾಗ್ಯ. ಬಾಣಂತಿ ಕೂಸನ್ನ ಹಿಂಗ ಹಗಲೂರಾತ್ರಿ ಎದಿಗೆ ಕಟಗೊಂಡು ಕುಂದ್ರತಾಳೇನು? ಯಾವ ಊರ ಪದ್ಧತಿ ಇದು?"

"ಒಂದ ಊರಂದು ಅಲ್ರೀ ಪಾರ್ವತೆಮ್ಮಾರ, ಐದು ದೇಶದ್ದು," ಎಂದು ಭಾಗ್ಯಶ್ರೀ ಚಾಪೆಯ ಮೇಲೆ ಕೂತಳು. "ನಮ್ಮ ದೇಶ, ಆಮ್ಯಾಲೆ ಆಫ್ರಿಕಾದ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ. ಅಲ್ಲಿ ದವಾಖಾನಿಯವರೆಲ್ಲ ಕೂಡಿ ಮೂರು ಸಾವಿರಕ್ಕಿಂತ ಹೆಚ್ಚು ಸಣ್ಣ ಕೂಸುಗಳನ್ನ ನೋಡಿದ್ರು. ಅರ್ಧ ಕೂಸುಗಳನ್ನ ಹುಟ್ಟಿದ ಕೂಡಲೇ ತಾಯಿ ಎದಿಗೆ ಹಾಕಿದ್ರು. ಉಳಿದ ಅರ್ಧಕ್ಕ, ಮೊದಲಿನಂಗ, ತಡಾ ಮಾಡಿ ಹಾಕಿದ್ರು. ತಡಾ ಮಾಡಿದ್ದರಾಗ ನೂರಕ್ಕ ಹದಿನಾರು ಹೋದ್ವು. ಕೂಡಲೇ ಹಾಕಿದ್ದರಾಗ ಹನ್ನೆರಡು. ಇಷ್ಟು ಫರಕ್ ಕಂಡ ಮ್ಯಾಲೆ, ಇನ್ನ ಯಾವ ಕೂಸಿಗೂ ತಡಾ ಮಾಡೋದು ಬ್ಯಾಡ ಅಂತ ಆ ಪರೀಕ್ಷೆನ ನಡಕ ನಿಲ್ಲಿಸಿಬಿಟ್ರು."

"ಆ ದೇಶದಾಗ ನಮ್ಮ ಬಿಸಲು ಐತೇನು? ಇಲ್ಲಿ ದೊಡ್ಡವರ ಸುಟ್ಟು ಹೋಗಾಕತ್ತೀವಿ, ಕೂಸು ತಣ್ಣಗಾಗತೈತಂತ!"

"ಬಿಸಲು ಹೊರಗ ಐತ್ರಿ. ಇಂಥಾ ಕೂಸಿನ ಮೈಯಾಗ ಕೊಬ್ಬ ಇರಂಗಿಲ್ಲ. ಬಿಸಿನೀರು ಹಾಕಿ ತೆಗದಮ್ಯಾಲೆ ಮೈ ಆರತೈತಲ್ಲ, ಆವಾಗ ಒಳಗಿನ ಕಾವೂ ಹೋಗತೈತಿ. ಅಂಗಾಲು ತಣ್ಣಗಾಗತೈತಿ, ಮೊಲಿ ಹಿಡಿಯಂಗಿಲ್ಲ, ಮಂಕಾಗಿ ಮಕ್ಕೊಂಡುಬಿಡತೈತಿ. ನೋಡಿದವರು ನಿದ್ದಿ ಅನ್ಕೊಂತಾರ."

ನಿದ್ದೆ ಎಂಬ ಮಾತು ಪಾರ್ವತೆಮ್ಮನಿಗೆ ಚುರ್ರೆಂದಿತು. ತೋರಿಸಿಕೊಳ್ಳದೆ ಕೇಳಿದಳು, "ಪರದೇಶದವರು ಹೇಳಿದ್ದು ಖರೇ ಅಂತ ನಿನಗೆಂಗ ಗೊತ್ತು?"

"ಅಲ್ಲಿ ಹೋದ ಕೂಸುಗಳನ್ನ ಯಾರೂ ಮುಚ್ಚಿಡಲಿಲ್ರೀ. ಉಳಿದದ್ದು ಎಷ್ಟು, ಹೋದದ್ದು ಎಷ್ಟು, ಇದ್ದದ್ದು ಇದ್ದಂಗ ಬರದ್ರು. ಅದಕ್ಕ ಎಲ್ಲಾ ದೇಶಕ್ಕೂ ಗೊತ್ತಾತು."

"ನಾವು ಮುಚ್ಚಿಟ್ಟೇವಿ ಅಕ್ಕ," ಎಂದಳು ರಾಜಶ್ರೀ.

ಪಾರ್ವತೆಮ್ಮ ಮಗಳನ್ನು ನುಂಗುವಂತೆ ನೋಡಿದಳು. ರಾಜಶ್ರೀ ನಿಲ್ಲಿಸಲಿಲ್ಲ.

"ನನ್ನ ಮೊದಲನೇ ಕೂಸು ಹೋದಾಗ ನೀವು ದವಾಖಾನಿ ದೊಡ್ಡ ಮೇಡಮ್ಮರನ್ನ ಕರಕೊಂಡು ಬಂದು ಕೇಳಿದ್ರಿ, ಕೂಸಿಗೆ ಎರದಿದ್ರೇನ್ರಿ ಅಂತ. ಯವ್ವ ಇಲ್ಲ ಅಂದ್ಲು. ಹುಟ್ಟಿದಾಗಿಂದ ಮೊಲಿ ಹಿಡಿದಿಲ್ಲ ಅಂತ ಬರೆಸಿದ್ಲು. ನಾ ಒಳಗ ಮಕ್ಕೊಂಡು ಕೇಳಾಕತ್ತಿದ್ದೆ. ಎರದಿದ್ಲು ಅಕ್ಕ. ಎರದ ಮ್ಯಾಲೆ ಅದರ ಪಾದ ತಣ್ಣಗ ಆಗಿದ್ವು. ನಿದ್ದಿ ಮಾಡಾಕತ್ತೈತಿ ಬಿಡು ಅಂದ್ಲು. ಸಂಜೀಗೆ ಹೋತು."

"ಮಗಳ ಕೂಸು ಅಜ್ಜಿ ಕೈಯಾಗ ಹೋತು ಅಂತ ಬರೆಸಬೇಕಿತ್ತೇನಬೇ ನಾನು?" ಪಾರ್ವತೆಮ್ಮ ಕೂಗಿದಳು. "ಊರಾಗ ಮುಖ ಹೆಂಗ ತೋರಿಸಲಿ?"

"ಎರದಿದ್ದಕ್ಕ ನನಗ ಸಿಟ್ಟಿಲ್ಲ ಯವ್ವ. ನಿನಗ ಗೊತ್ತಿರಲಿಲ್ಲ. ಇಲ್ಲ ಅಂದೆಲ್ಲ, ಅದಕ್ಕ ಸಿಟ್ಟು. ಅದಾಗಿ ಎಂಟು ತಿಂಗಳಿಗೆ ಹಿಂದಿನ ಓಣಿ ಅನುಪಮಾನ ಕೂಸಿಗೆ ಎರಿಯಾಕ ಹೋದಿ. ಅದೂ ಇಷ್ಟ ಸಣ್ಣದಿತ್ತು. ಅದೂ ಹೋತು."

ಭಾಗ್ಯಶ್ರೀಯ ಮುಖ ಕಪ್ಪಿಟ್ಟಿತು.

"ಒಂದ ಊರಾಗ ಎರಡು ಕೂಸು ಯಾಕ ಹೋದ್ವು ಅಂತ ತಾಲೂಕು ಮೀಟಿಂಗಿನಾಗ ನನ್ನ ಕೇಳಿದ್ರು ಪಾರ್ವತೆಮ್ಮಾರ. ಗೊತ್ತಿಲ್ರೀ ಅಂದೆ. ಗೊತ್ತಿದ್ರ ಮನಿ ಮನಿಗೆ ಹೋಗಿ ಹೇಳತಿದ್ದೆ. ಅನುಪಮಾನ ಮನಿಗೆ ಮೊದಲ ಹೋಗತಿದ್ದೆ. ಘಾನಾದಾಗ ಏನಾತು ಅಂತ ನನಗ ಗೊತ್ತಾತು, ನಮ್ಮ ಓಣ್ಯಾಗ ಏನಾತು ಅಂತ ಗೊತ್ತಾಗಲಿಲ್ಲ ನೋಡ್ರಿ."

ಪಾರ್ವತೆಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಮಾನ ಉಳಿಸಿಕೊಂಡೆ ಎಂದುಕೊಂಡಿದ್ದಳು. ಉಳಿಸಿಕೊಂಡದ್ದು ಏನು? ಇನ್ನೊಬ್ಬರ ಕೂಸಿನ ಜೀವ ಕೊಟ್ಟು ಕೊಂಡ ಹೊಗಳಿಕೆ. ಆಮೇಲೆ ಮೆಲ್ಲಗೆ ಮಗಳ ಹತ್ತಿರ ಸರಿದು, ಬಟ್ಟೆಯಿಂದ ಹೊರಗಿದ್ದ ಕೂಸಿನ ಪಾದ ಮುಟ್ಟಿ ನೋಡಿದಳು. ಪಾದ ಬೆಚ್ಚಗಿತ್ತು. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಎದ್ದು ಹೋಗಿ, ಹಂಡೆಯ ಬೆಂಕಿಗೆ ನೀರು ಸುರಿದು ಬಂದಳು.

"ಬರಕೋ ಭಾಗ್ಯ. ನಾನ ಎರದೆ. ಎರಡಕ್ಕೂ ನಾನ ಎರದೆ."

"ಮೊದಲನೇ ಕೂಸಿನ ಕಾಗದ ತಾಲೂಕಿಗೆ ಹೋಗಿ ಎರಡು ವರ್ಷ ಆತ್ರಿ," ಎಂದಳು ಭಾಗ್ಯಶ್ರೀ. ಆದರೂ ಪುಸ್ತಕ ತೆಗೆದು ಬರೆದುಕೊಂಡಳು. ತಾಯಿಗೆ ಬೆನ್ನು ನೊಂದಾಗ ಅವಳ ಬದಲು ಅಪ್ಪ, ಅಜ್ಜಿ ಯಾರಾದರೂ ಕೂಸನ್ನು ಎದೆಗೆ ಹಾಕಿಕೊಳ್ಳಬಹುದು ಎಂದು ಹೇಳಿ ಹೋದಳು. ಪಾರ್ವತೆಮ್ಮ ಆಸೆಯಿಂದ ಮಗಳ ಕಡೆ ನೋಡಿದಳು. ರಾಜಶ್ರೀ ಅವತ್ತು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಕೊಟ್ಟದ್ದು ನಾಲ್ಕನೆಯ ದಿನ, ಅದೂ ಎದುರಿಗೇ ಕೂತು.

ಆ ನಡುವೆ ಒಂದು ಮುಂಜಾನೆ ಪಾರ್ವತೆಮ್ಮ ಹಿಂದಿನ ಓಣಿಗೆ ಹೋದಳು. ಅನುಪಮಾ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಪಾರ್ವತೆಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತನ್ನ ಮೊಮ್ಮಗುವಿಗೆ ಆದದ್ದು, ತಾನು ಬರೆಸಿದ ಸುಳ್ಳು, ಆಮೇಲೂ ಈ ಮನೆಗೆ ಬಂದು ಎರೆದದ್ದು. ಅನುಪಮಾ ಅಕ್ಕಿಯಿಂದ ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಈಗ ಹೇಳಾಕ ಬಂದ್ಯಾ ಅತ್ತಿ?" ಎಂದಳು ಕೊನೆಗೆ. ಮೊರ ಎತ್ತಿಕೊಂಡು ಒಳಗೆ ಹೋದಳು.

ಇವತ್ತಿಗೂ ಅವಳು ಪಾರ್ವತೆಮ್ಮನನ್ನು ಮಾತಾಡಿಸುವುದಿಲ್ಲ. ರಾಜಶ್ರೀಯ ಕೂಸು ಐದು ಕಿಲೋ ದಾಟಿದೆ, ಅಜ್ಜಿಯ ಸೆರಗು ಎಳೆದು ನಗುತ್ತದೆ. ಈಗಲೂ ಪಾರ್ವತೆಮ್ಮನಿಗೆ ಕರೆ ಬರುತ್ತದೆ. ಅವಳು ಹೋಗುತ್ತಾಳೆ. ಮೊದಲು ಕೂಸಿನ ತೂಕ ಕೇಳುತ್ತಾಳೆ, ಆಮೇಲೆ ತನ್ನ ಕಥೆ ಹೇಳುತ್ತಾಳೆ. ಕೆಲವರು ಕೇಳುತ್ತಾರೆ, ಕೆಲವರು ಬಾಗಿಲಲ್ಲೇ ಬೈದು ಕಳಿಸುತ್ತಾರೆ.

ಓದುತ್ತಿರುವ ಅವ್ವಂದಿರೇ, ಅಜ್ಜಿಯರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಸಣ್ಣ ಕೂಸು ಹುಟ್ಟಿದರೆ ನೀರು ಹಾಕುವ ಅವಸರ ಬೇಡ. ಬರಿ ಎದೆಗೆ ಹಾಕಿಕೊಳ್ಳಿ, ಎಷ್ಟು ಹೊತ್ತಾದರೂ ಸರಿ. ತಾಯಿಯ ಹಾಲು ಬಿಟ್ಟು ಬೇರೇನೂ ಕೊಡಬೇಡಿ. ಪಾದ ತಣ್ಣಗಾದರೆ, ಹಾಲು ಹಿಡಿಯದಿದ್ದರೆ, ಉಸಿರು ಜೋರಾದರೆ, ಮಂಕಾದರೆ ನಿದ್ದೆಯೆಂದು ಬಿಡಬೇಡಿ, ಕೂಡಲೇ ನೂರಾ ಎಂಟಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಿರಿ. ಇಷ್ಟೆಲ್ಲ ಮಾಡಿಯೂ ಕೂಸು ಉಳಿಯದೆ ಹೋದರೆ, ಆಶಾ ಬಂದು ಏನಾಯಿತೆಂದು ಕೇಳಿದಾಗ, ಆದದ್ದನ್ನು ಆದಂತೆ ಅವತ್ತೇ ಹೇಳಿ. ನಿಮ್ಮ ಕೂಸು ತಿರುಗಿ ಬರುವುದಿಲ್ಲ, ನಿಜ. ಹಿಂದಿನ ಓಣಿಯಲ್ಲಿ ಇನ್ನೊಬ್ಬಳು ದಿನ ಎಣಿಸುತ್ತಿದ್ದಾಳೆ, ಅವಳ ಕೂಸು ಇನ್ನೂ ಹುಟ್ಟಬೇಕಾಗಿದೆ.